ಓದುಗರ ಪ್ರಶ್ನೆ: ತಾಯಿ–ಮಗುವಿನ ಶುಶ್ರೂಷೆಯಲ್ಲಿ ಎಂ.ಎಸ್ಸಿ.

ನರ್ಸಿಂಗ್ ಪದವಿಯ ನಂತರ ಹೆರಿಗೆ ವಿಭಾಗ ಅಥವಾ ಮಕ್ಕಳ ವಿಭಾಗದಲ್ಲಿ ಮುಂದೆ ಓದಬೇಕೆಂದಿರುವವರು ಮತ್ತು ಅವರ ಮನೆಯವರು ಬರೆದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪ್ರಶ್ನೆಗಳನ್ನು ಸಂಕ್ಷೇಪಿಸಿ ಕೊಡಲಾಗಿದೆ.

ಪ್ರಶ್ನೆ: ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಡಿಪ್ಲೊಮಾ ಆದವರಿಗಿರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ ಮಾಡಿಕೊಂಡಿದ್ದೇನೆ. ಎಂ.ಎಸ್ಸಿ.ಗೆ ಹೆರಿಗೆ ಮತ್ತು ಸ್ತ್ರೀರೋಗ ಶುಶ್ರೂಷೆ ತೆಗೆದುಕೊಳ್ಳಲೋ, ಮಕ್ಕಳ ಆರೋಗ್ಯ ಶುಶ್ರೂಷೆ ತೆಗೆದುಕೊಳ್ಳಲೋ ಎಂದು ತೀರ್ಮಾನಿಸಲಾಗುತ್ತಿಲ್ಲ. ಯಾವುದಕ್ಕೆ ಬೇಡಿಕೆ ಹೆಚ್ಚು, ದಯವಿಟ್ಟು ತಿಳಿಸಿ ಮೇಡಂ.
— ಶುಶ್ರೂಷಾಧಿಕಾರಿ, ಹಾವೇರಿ ಜಿಲ್ಲೆ

ಉತ್ತರ: ಬೇಡಿಕೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಬಿ.ಎಸ್ಸಿ. ನರ್ಸಿಂಗ್ ಕಲಿಸುವ ಪ್ರತಿಯೊಂದು ಕಾಲೇಜಿನಲ್ಲೂ ಈ ಎರಡೂ ವಿಷಯಗಳನ್ನು ಕಡ್ಡಾಯವಾಗಿ ಬೋಧಿಸಬೇಕಾಗಿರುವುದರಿಂದ ಎರಡಕ್ಕೂ ಬೋಧಕರು ಬೇಕೇ ಬೇಕು. ಆದ್ದರಿಂದ ಬೇಡಿಕೆಯನ್ನು ನೋಡಿ ಆಯ್ಕೆ ಮಾಡುವ ಅಗತ್ಯ ನಿಮಗಿಲ್ಲ.

ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮದಂತೆ ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷದ ಓದು. ಮೊದಲ ವರ್ಷ ನರ್ಸಿಂಗ್ ಶಿಕ್ಷಣ, ಉನ್ನತ ಶುಶ್ರೂಷಾ ಅಭ್ಯಾಸ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಎಂಬ ಪತ್ರಿಕೆಗಳ ಜೊತೆಗೆ ನೀವು ಆಯ್ದುಕೊಂಡ ವಿಶೇಷ ವಿಷಯದ ಮೊದಲ ಭಾಗವಿರುತ್ತದೆ. ಎರಡನೆಯ ವರ್ಷ ನರ್ಸಿಂಗ್ ನಿರ್ವಹಣೆ, ವಿಶೇಷ ವಿಷಯದ ಎರಡನೆಯ ಭಾಗ ಮತ್ತು ಸಂಶೋಧನಾ ಪ್ರಬಂಧ ಇರುತ್ತವೆ. ಯಾವ ವಿಶೇಷ ವಿಷಯ ತೆಗೆದುಕೊಂಡರೂ ಉಳಿದ ಪತ್ರಿಕೆಗಳು ಬದಲಾಗುವುದಿಲ್ಲ. ಬದಲಾಗುವುದು ನೀವು ದಿನದ ಬಹುಪಾಲು ಎಲ್ಲಿ ನಿಂತು ಕಲಿಯುತ್ತೀರಿ ಎಂಬುದು.

ಹೆರಿಗೆ ಮತ್ತು ಸ್ತ್ರೀರೋಗ ಶುಶ್ರೂಷೆಯ ವಿದ್ಯಾರ್ಥಿನಿ ಗರ್ಭಿಣಿಯರ ತಪಾಸಣೆ, ಪಾರ್ಟೋಗ್ರಾಫ್ ಬಳಸಿ ಹೆರಿಗೆಯ ಮುನ್ನಡೆಯನ್ನು ಗುರುತಿಸುವುದು, ಸಹಜ ಹೆರಿಗೆ ಮಾಡಿಸುವುದು, ಹೊಲಿಗೆ ಹಾಕುವುದು, ಬಾಣಂತಿಯರ ತಪಾಸಣೆ, ಕಾಪರ್-ಟಿ ಅಳವಡಿಕೆ ಇವನ್ನೆಲ್ಲ ತನ್ನ ಕೈಯಿಂದಲೇ ಮಾಡಿ ದಾಖಲಿಸಬೇಕು. ಇವುಗಳಲ್ಲಿ ಹಲವು ನಿಮಗೆ ನಿತ್ಯದ ಕೆಲಸವೇ ಆಗಿರುತ್ತವೆ. ಹಾಗಾದರೆ ಹೊಸದಾಗಿ ಕಲಿಯುವುದೇನು ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಹೆರಿಗೆ ನೋವಿನ ಸಕ್ರಿಯ ಹಂತ ಗರ್ಭಕಂಠ 4 ಸೆಂಟಿಮೀಟರ್ ತೆರೆದಾಗ ಆರಂಭವಾಗುತ್ತದೆ ಎಂದು ನಾವೆಲ್ಲ ಓದಿದ್ದೆವು, ಹಾಗೆಯೇ ಕಲಿಸಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು 5 ಸೆಂಟಿಮೀಟರ್‌ಗೆ ಬದಲಿಸಿದೆ, ಮತ್ತು ಹಳೆಯ ಪಾರ್ಟೋಗ್ರಾಫ್‌ನ ಜಾಗಕ್ಕೆ 2020ರಲ್ಲಿ 'ಲೇಬರ್ ಕೇರ್ ಗೈಡ್' ಎಂಬ ಹೊಸ ನಮೂನೆಯನ್ನು ತಂದಿದೆ. ಈ ನಮೂನೆಯಲ್ಲಿ ಮಗುವಿನ ಎದೆಬಡಿತಕ್ಕಿಂತ ಮೊದಲೇ ತುಂಬಬೇಕಾದ ಸಾಲುಗಳು ಹೀಗಿವೆ: ಜೊತೆಗೆ ಒಬ್ಬರು ಇದ್ದಾರೆಯೇ, ನೋವು ಕಡಿಮೆ ಮಾಡಲು ಏನಾದರೂ ಮಾಡಲಾಗಿದೆಯೇ, ಕುಡಿಯಲು ಕೊಡಲಾಗಿದೆಯೇ, ಆಕೆ ಯಾವ ಭಂಗಿಯಲ್ಲಿದ್ದಾಳೆ. ಒಂದು ಸೆಂಟಿಮೀಟರಿನ ಈ ವ್ಯತ್ಯಾಸದಿಂದ, ನೋವು ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ಅವಸರದಲ್ಲಿ ನೋವು ಹೆಚ್ಚಿಸುವ ಡ್ರಿಪ್ ಹಾಕಿಸಿಕೊಳ್ಳುವ ಅಥವಾ ಶಸ್ತ್ರಚಿಕಿತ್ಸೆಗೆ ಹೋಗುವ ಎಷ್ಟೋ ತಾಯಂದಿರು ಅದರಿಂದ ಪಾರಾಗಬಹುದು. ಏಕೆ ಬದಲಾಯಿತು, ಯಾವ ಆಧಾರದ ಮೇಲೆ ಬದಲಾಯಿತು, ನನ್ನ ಆಸ್ಪತ್ರೆಯ ಕೊಠಡಿಯಲ್ಲಿ ಅದನ್ನು ಹೇಗೆ ಜಾರಿಗೆ ತರಬೇಕು ಎಂದು ಕೇಳಿಕೊಳ್ಳಬಲ್ಲ ಶುಶ್ರೂಷಕಿಯನ್ನು ತಯಾರು ಮಾಡುವುದೇ ಈ ಓದಿನ ಉದ್ದೇಶ.

ಮಕ್ಕಳ ಆರೋಗ್ಯ ಶುಶ್ರೂಷೆ ಇನ್ನೊಂದು ದಿಕ್ಕಿನದು. ನವಜಾತ ಶಿಶುವಿನ ತೀವ್ರ ನಿಗಾ ಘಟಕ, ಮಕ್ಕಳ ಔಷಧ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳು, ಹೊರರೋಗಿ ವಿಭಾಗ, ಶಿಶುವಿಹಾರ, ಮಕ್ಕಳ ಮಾರ್ಗದರ್ಶನ ಕೇಂದ್ರ, ಸಮುದಾಯ ಇಷ್ಟೂ ಕಡೆ ವಿದ್ಯಾರ್ಥಿಗಳನ್ನು ನಿಯೋಜಿಸಲಾಗುತ್ತದೆ. ಒಂದು ಕಿಲೋ ತೂಕದ ಶಿಶುವಿನಿಂದ ಹಿಡಿದು ಹದಿಹರೆಯದವರವರೆಗೆ ಬೆಳವಣಿಗೆಯ ಎಲ್ಲ ಹಂತಗಳೂ ಇದರೊಳಗೆ ಬರುತ್ತವೆ.

ನನ್ನ ಸಲಹೆಯನ್ನು ನೇರವಾಗಿ ಹೇಳುತ್ತೇನೆ. ಹೆರಿಗೆ ಕೊಠಡಿಯ ಅನುಭವವಿರುವವರು ಹೆರಿಗೆ ಶುಶ್ರೂಷೆಯನ್ನೇ ಆಯ್ದುಕೊಂಡರೆ ಈವರೆಗಿನ ದುಡಿಮೆಯೆಲ್ಲ ಓದಿನೊಳಗೆ ಕೆಲಸಕ್ಕೆ ಬರುತ್ತದೆ. ಆದರೆ ಮಗು ಹುಟ್ಟಿ, ಬೆಚ್ಚಗಿಡುವ ವಾರ್ಮರ್‌ ಮೇಲೆ ಮಲಗಿದ ಕ್ಷಣದಿಂದ ನಿಮ್ಮ ಕಣ್ಣು ತಾಯಿಯನ್ನು ಬಿಟ್ಟು ಆ ಮಗುವಿನ ಉಸಿರಾಟದ ಕಡೆಗೇ ಹೋಗುತ್ತದೆ ಎಂಬುದನ್ನು ನೀವು ಗಮನಿಸಿದ್ದರೆ ಸಂಕೋಚವಿಲ್ಲದೆ ಮಕ್ಕಳ ವಿಭಾಗ ತೆಗೆದುಕೊಳ್ಳಿ. ಅರ್ಹತೆಯ ವಿಷಯದಲ್ಲಿ, ಪದವಿಯಲ್ಲಿ ಒಟ್ಟು ಶೇ 55 ಅಂಕಗಳು ಮತ್ತು ಒಂದು ವರ್ಷದ ಕೆಲಸದ ಅನುಭವ ಇರಬೇಕೆಂಬುದು ಪರಿಷತ್ತಿನ ನಿಯಮ. ಪೋಸ್ಟ್ ಬೇಸಿಕ್ ಓದಿದವರಿಗೆ ಆ ಅನುಭವ ಪದವಿಗೆ ಮುಂಚಿನದಾದರೂ ಸಲ್ಲುತ್ತದೆ. ಸರ್ಕಾರಿ ಸೇವೆಯಲ್ಲಿರುವ ನೀವು ಅರ್ಜಿ ಹಾಕುವ ಮೊದಲೇ ಇಲಾಖೆಯ ಅನುಮತಿ ಮತ್ತು ನಿಯೋಜನೆಯ ಮೇಲೆ ಓದುವ ಅವಕಾಶದ ಕುರಿತು ಜಿಲ್ಲಾ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆದುಕೊಳ್ಳಿ.

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದೇನೆ. ಮಧ್ಯವರ್ತಿಯೊಬ್ಬರು ಬೇರೊಂದು ಊರಿನ ಕಾಲೇಜಿನಲ್ಲಿ ಎಂ.ಎಸ್ಸಿ. ಸೀಟು ಕೊಡಿಸುತ್ತೇನೆ, ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು, ಹಾಜರಾತಿಯನ್ನು ಕಾಲೇಜಿನವರೇ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದಾರೆ. ಮನೆಯ ಜವಾಬ್ದಾರಿ ನನ್ನ ಮೇಲಿದೆ, ಸಂಬಳ ಬಿಡುವ ಸ್ಥಿತಿಯಲ್ಲಿಲ್ಲ. ಸೇರಬಹುದೇ?
— ಓದುಗರು, ಕಲಬುರಗಿ

ಉತ್ತರ: ಸೇರಬೇಡಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಈ ಉತ್ತರವನ್ನು ಮೆದುಗೊಳಿಸಿ ಹೇಳಲು ನನ್ನಿಂದ ಆಗುವುದಿಲ್ಲ.

ಈ ಎರಡು ವರ್ಷಗಳಲ್ಲಿ ವಿಶೇಷ ವಿಷಯದ ಪ್ರಾಯೋಗಿಕ ತರಬೇತಿಗೆಂದೇ ಮೊದಲ ವರ್ಷ 650, ಎರಡನೆಯ ವರ್ಷ 950, ಒಟ್ಟು 1,600 ಗಂಟೆಗಳನ್ನು ಪಠ್ಯಕ್ರಮ ಮೀಸಲಿಟ್ಟಿದೆ. ಅದೇ ವಿಷಯದ ಪಾಠಕ್ಕೆ ಕೊಟ್ಟಿರುವುದು ವರ್ಷಕ್ಕೆ ಕೇವಲ 150 ಗಂಟೆ. ಈ ಅನುಪಾತವನ್ನು ಒಮ್ಮೆ ಯೋಚಿಸಿ ನೋಡಿ. ಪದವಿಯ ತಿರುಳೇ ವಾರ್ಡಿನಲ್ಲಿದೆ. ಪುಸ್ತಕವನ್ನು ಮನೆಯಲ್ಲಿ ಓದಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಬಹುದು, ಆದರೆ ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗುತ್ತಿಲ್ಲವೆಂದು ಅಂಗೈಗೆ ತಿಳಿಯುವುದು, ಬಾಣಂತಿಯ ನಾಡಿ ಏರುತ್ತಿರುವುದನ್ನು ರಕ್ತದೊತ್ತಡ ಇಳಿಯುವ ಮೊದಲೇ ಗುರುತಿಸುವುದು ಇವು ಹಾಜರಾತಿ ಪುಸ್ತಕದ ಸಹಿಯಿಂದ ಬರುವ ವಿದ್ಯೆಗಳಲ್ಲ. ನಾಳೆ ಇದೇ ಪದವಿಯ ಬಲದಿಂದ ನೀವು ಬೋಧಕಿಯಾದರೆ ನೀವು ಮಾಡದೆ ಬಿಟ್ಟ ಕೆಲಸವನ್ನು ನಿಮ್ಮ ವಿದ್ಯಾರ್ಥಿನಿಯರೂ ಕಲಿಯದೆ ಹೋಗುತ್ತಾರೆ, ಮತ್ತು ಅದರ ಬೆಲೆಯನ್ನು ತೆರುವವಳು ಯಾವುದೋ ಹಳ್ಳಿಯಿಂದ ಬಂದು ಅವರ ಕೈಗೆ ತನ್ನನ್ನು ಒಪ್ಪಿಸಿಕೊಂಡ ಹೆಣ್ಣುಮಗಳು. ಈ ದಂಧೆ ನಮ್ಮ ವೃತ್ತಿಯನ್ನು ಒಳಗಿನಿಂದಲೇ ತಿನ್ನುತ್ತಿದೆ.

ನಿಮ್ಮ ಹಿತದ ದೃಷ್ಟಿಯಿಂದಲೂ ಯೋಚಿಸಿ. ಓದಿದ ಅವಧಿಯಲ್ಲೇ ಬೇರೆ ಊರಿನ ಆಸ್ಪತ್ರೆಯಲ್ಲಿ ಪೂರ್ಣಾವಧಿ ಸಂಬಳ ಪಡೆದಿದ್ದೀರಿ ಎಂಬುದು ಅನುಭವ ಪತ್ರ, ಭವಿಷ್ಯನಿಧಿಯ ದಾಖಲೆಗಳಿಂದ ಯಾವತ್ತಾದರೂ ಹೊರಬರುತ್ತದೆ. ಹೊರದೇಶದ ನೋಂದಣಿ ಸಂಸ್ಥೆಗಳು ತರಬೇತಿಯ ಗಂಟೆಗಳ ವಿವರವನ್ನು ಕೇಳುತ್ತವೆ. ಸಂಬಳ ಬಿಡಲಾಗದಿದ್ದರೆ ಒಂದೆರಡು ವರ್ಷ ತಡವಾಗಿ, ಉಳಿತಾಯ ಅಥವಾ ಶಿಕ್ಷಣ ಸಾಲದ ಆಸರೆಯಲ್ಲಿ, ಸ್ವಂತ ಆಸ್ಪತ್ರೆಯಿರುವ ಮತ್ತು ಹೆರಿಗೆಗಳ ಸಂಖ್ಯೆ ಚೆನ್ನಾಗಿರುವ ಕಾಲೇಜಿಗೆ ಸೇರಿಕೊಳ್ಳಿ. ಸೇರುವ ಮೊದಲು ಆ ಆಸ್ಪತ್ರೆಯ ಹೆರಿಗೆ ವಿಭಾಗದ ಮುಂದೆ ಒಂದು ಬೆಳಗ್ಗೆ ಕುಳಿತು ನೋಡಿ. ಪ್ರವೇಶ ಪುಸ್ತಿಕೆ ಹೇಳದ ಎಷ್ಟೋ ಸಂಗತಿಗಳು ಅಲ್ಲಿ ಕಾಣುತ್ತವೆ.

ಪ್ರಶ್ನೆ: ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ, ಹೆರಿಗೆ ಶುಶ್ರೂಷೆ ನನ್ನ ವಿಷಯ. ಪ್ರಬಂಧಕ್ಕೆ ಸಿನಾಪ್ಸಿಸ್ (ಅಧ್ಯಯನದ ರೂಪುರೇಷೆ) ಕೊಡಬೇಕಾಗಿದೆ. ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಪಾಠ ಮಾಡಿ ಮುಂಚೆ ಮತ್ತು ನಂತರ ಪ್ರಶ್ನಾವಳಿ ಕೊಡುವ ವಿಷಯವನ್ನು ಹಿರಿಯ ವಿದ್ಯಾರ್ಥಿಗಳು ಸೂಚಿಸಿದ್ದಾರೆ. ಬೇಗ ಮುಗಿಯುತ್ತದೆ ಎನ್ನುತ್ತಾರೆ. ತಮ್ಮ ಅಭಿಪ್ರಾಯವೇನು?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಗ ಮುಗಿಯುತ್ತದೆ ಎಂಬುದು ನಿಜ. ಯೋಜಿತ ಪಾಠವೊಂದನ್ನು ಮಾಡಿದ ಮೇಲೆ ಕೇಳಿದವರ ಅಂಕ ಹೆಚ್ಚಾಗುತ್ತದೆ ಎಂಬುದು ಪಾಠ ಮಾಡುವ ಮೊದಲೇ ಎಲ್ಲರಿಗೂ ಗೊತ್ತಿರುವ ಫಲಿತಾಂಶ. ನಮ್ಮ ಗ್ರಂಥಾಲಯಗಳ ಕಪಾಟುಗಳಲ್ಲಿ ಈ ಮಾದರಿಯ ಪ್ರಬಂಧಗಳು ಸಾಲುಸಾಲಾಗಿ ನಿಂತಿವೆ. ಆ ಗರ್ಭಿಣಿ ಪಾಠ ಕೇಳಿ ಮನೆಗೆ ಹೋದ ಮೇಲೆ ಕಬ್ಬಿಣಾಂಶದ ಮಾತ್ರೆ ನುಂಗಿದಳೇ, ಅವಳ ಹಿಮೋಗ್ಲೋಬಿನ್ ಏರಿತೇ, ನುಂಗದಿದ್ದರೆ ಹೊಟ್ಟೆ ತೊಳಸುವುದು ಕಾರಣವೋ ಅತ್ತೆಯ ಮಾತು ಕಾರಣವೋ ಎಂಬುದನ್ನು ಅವುಗಳಲ್ಲಿ ಬಹುಪಾಲು ಕೇಳಿಲ್ಲ.

ಶುಶ್ರೂಷಕಿಯರ ಕೈಯಿಂದ ಆಗುವ ಕೆಲಸವನ್ನೇ ಆಧಾರವಾಗಿಟ್ಟುಕೊಂಡು ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನವನ್ನು ನೀವು ಓದಲೇಬೇಕು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ, ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಮುಂದಾಳತ್ವದಲ್ಲಿ, ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಬಾಯಿಯ ಮೂಲಕ ಕೊಡುವ ಪ್ರಯೋಗ ನಡೆಯಿತು. 1,620 ತಾಯಂದಿರು ಅದರಲ್ಲಿದ್ದರು. ಮಾತ್ರೆ ಕೊಟ್ಟವರು, ರಕ್ತವನ್ನು ಅಳೆದವರು ತಜ್ಞವೈದ್ಯರಲ್ಲ, ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ ಹೆರಿಗೆ ನೋಡಿಕೊಳ್ಳುವ ಎಎನ್‌ಎಂ ಸಹೋದರಿಯರು. ಪೊಳ್ಳು ಮಾತ್ರೆ ಪಡೆದವರಲ್ಲಿ ಶೇ 12ರಷ್ಟಿದ್ದ ರಕ್ತಸ್ರಾವ ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು.

ಆ ಅಧ್ಯಯನದಲ್ಲಿ ನನಗೆ ಮಾತ್ರೆಯಷ್ಟೇ ಮುಖ್ಯವಾಗಿ ಕಾಣುವುದು ಅಳತೆ. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುವಾಗ ನಾವು ಬಹುತೇಕ ಕಡಿಮೆಯೇ ಹೇಳುತ್ತೇವೆ. ಬಟ್ಟೆಗೆ ಹೀರಿದ್ದು, ನೆಲಕ್ಕೆ ಹರಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ತಾಯಿಯ ಸೊಂಟದ ಕೆಳಗೆ ಹಾಸಿ, ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲದಲ್ಲಿ ರಕ್ತ ಸಂಗ್ರಹವಾಗುವಂತಹ ಸರಳವಾದ ಪ್ಲಾಸ್ಟಿಕ್ ಹಾಸನ್ನು ಅಲ್ಲಿ ಬಳಸಿದರು. ಮುಂದೆ ಕೆನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ ಮತ್ತು ತಾಂಜಾನಿಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ 'ಇ-ಮೋಟಿವ್' ಎಂಬ ದೊಡ್ಡ ಅಧ್ಯಯನದಲ್ಲಿ, ಇಂಥದೇ ಗೆರೆಗಳ ಹಾಸಿನಿಂದ ರಕ್ತಸ್ರಾವವನ್ನು ಬೇಗ ಪತ್ತೆಮಾಡಿ, ಗರ್ಭಕೋಶ ನೀವುವುದು, ಔಷಧಗಳು, ದ್ರವ, ತಪಾಸಣೆ ಇವನ್ನೆಲ್ಲ ಒಂದಾದ ಮೇಲೊಂದರಂತೆ ಕಾಯದೆ ಒಟ್ಟಿಗೇ ಕೊಟ್ಟಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ ಹಾಗೂ ಸಾವುಗಳು ಒಟ್ಟಾರೆ ಶೇ 60ರಷ್ಟು ಕಡಿಮೆಯಾದವು.

ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ಇಷ್ಟು ದೊಡ್ಡದನ್ನು ಮಾಡಲಾರಳು, ಮಾಡಬೇಕಾಗಿಯೂ ಇಲ್ಲ. ಆದರೆ ನಿಮ್ಮ ಆಸ್ಪತ್ರೆಯಲ್ಲಿ ಕಣ್ಣಂದಾಜಿಗೂ ತೂಕ ಮಾಡಿ ಪಡೆದ ಅಳತೆಗೂ ಎಷ್ಟು ಅಂತರವಿದೆ, ಹೆರಿಗೆಯ ವೇಳೆ ಜೊತೆಗಾತಿಯೊಬ್ಬರು ಇದ್ದವರ ಮತ್ತು ಇಲ್ಲದವರ ಅನುಭವ ಹೇಗೆ ಬೇರೆಯಾಗಿತ್ತು, ಹುಟ್ಟಿದ ಮೊದಲ ಗಂಟೆಯೊಳಗೆ ಮೊಲೆಯುಣಿಸಲು ಸಿಸೇರಿಯನ್ ಆದ ತಾಯಂದಿರಿಗೆ ನಿಜವಾಗಿ ಅಡ್ಡಿಯಾಗುವುದು ನೋವೋ, ವಾರ್ಡಿನ ವ್ಯವಸ್ಥೆಯೋ, ನಮ್ಮ ಅವಸರವೋ ಎಂಬ ಪ್ರಶ್ನೆಗಳು ನಿಮ್ಮ ಅಳವಿನೊಳಗಿವೆ. ಕೊನೆಯದು ನನಗೆ ವಿಶೇಷವಾಗಿ ಇಷ್ಟವಾದ ಪ್ರಶ್ನೆ, ಏಕೆಂದರೆ ಅದರ ಉತ್ತರ ಸಿಕ್ಕ ದಿನವೇ ವಾರ್ಡಿನಲ್ಲಿ ಏನನ್ನಾದರೂ ಬದಲಿಸಬಹುದು. ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಅನುಮತಿಗೆ ಸಮಯ ಹಿಡಿಯುವುದರಿಂದ ವಿಷಯವನ್ನು ಈಗಲೇ ಮಾರ್ಗದರ್ಶಕರ ಮುಂದಿಡಿ. ಪಿಎಚ್.ಡಿ.ಯ ಆಸೆಯಿದ್ದರೆ, ಶುಶ್ರೂಷಾ ಪರಿಷತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿ ಕಟ್ಟಿರುವ ರಾಷ್ಟ್ರೀಯ ನರ್ಸಿಂಗ್ ಪಿಎಚ್.ಡಿ. ಒಕ್ಕೂಟದ ಬಗ್ಗೆಯೂ ತಿಳಿದುಕೊಂಡಿರಿ.

ಪ್ರಶ್ನೆ: ಗಡಿಯಾಚೆಯ ತೆಲಂಗಾಣದಲ್ಲಿ ಶುಶ್ರೂಷಕಿಯರಿಗೆ ಮಿಡ್‌ವೈಫರಿ ತರಬೇತಿ ಕೊಟ್ಟು ಅವರೇ ಹೆರಿಗೆಗಳನ್ನು ನಡೆಸುವ ವ್ಯವಸ್ಥೆ ಮಾಡಿದ್ದಾರೆಂದು ಕೇಳಿದ್ದೇನೆ. ಅದಕ್ಕೂ ಎಂ.ಎಸ್ಸಿ.ಗೂ ಏನು ವ್ಯತ್ಯಾಸ? ನಾನು ಯಾವುದನ್ನು ಮಾಡಬೇಕು?
— ಶುಶ್ರೂಷಕಿ, ಬೀದರ್

ಉತ್ತರ: ನೀವು ಕೇಳಿರುವುದು 'ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ' ಎಂಬ 18 ತಿಂಗಳ ತರಬೇತಿಯ ಬಗ್ಗೆ. ತೆಲಂಗಾಣ ಸರ್ಕಾರ 2017ರಲ್ಲಿ ಯುನಿಸೆಫ್ ಮತ್ತು ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಸಹಯೋಗದಲ್ಲಿ ಇದನ್ನು ಆರಂಭಿಸಿತು. 2018ರ ಡಿಸೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಡೀ ದೇಶಕ್ಕೆ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿಯನ್ನು ಹೊರಡಿಸಿತು. ಅಂತರರಾಷ್ಟ್ರೀಯ ಮಿಡ್‌ವೈಫ್‌ಗಳ ಒಕ್ಕೂಟದ ಮಟ್ಟಕ್ಕೆ ತರಬೇತಾದವರು ತೊಡಕಿಲ್ಲದ ಹೆರಿಗೆಗಳನ್ನು ತಮ್ಮದೇ ಹೊಣೆಯಲ್ಲಿ ನಡೆಸುವ, ತೊಡಕು ಕಂಡಾಗ ತಜ್ಞವೈದ್ಯರಿಗೆ ಒಪ್ಪಿಸುವ ಪ್ರತ್ಯೇಕ ಘಟಕಗಳು ಆ ಮಾರ್ಗಸೂಚಿಯ ಮುಖ್ಯ ಅಂಶ.

ಎಂ.ಎಸ್ಸಿ.ಯ ಹುಟ್ಟು ಬೇರೆ. 1959ರಲ್ಲಿ ದೆಹಲಿಯ ರಾಜಕುಮಾರಿ ಅಮೃತ ಕೌರ್ ನರ್ಸಿಂಗ್ ಕಾಲೇಜಿನಲ್ಲಿ ದೇಶದ ಮೊದಲ ಸ್ನಾತಕೋತ್ತರ ನರ್ಸಿಂಗ್ ತರಗತಿ ಆರಂಭವಾದಾಗ ನಮಗೆ ತುರ್ತಾಗಿ ಬೇಕಾಗಿದ್ದವರು ಬೋಧಕರು ಮತ್ತು ಆಡಳಿತಗಾರರು. ಆ ಗುರುತು ಇಂದಿಗೂ ಪಠ್ಯಕ್ರಮದಲ್ಲಿದೆ. ಶಿಕ್ಷಣ ಮತ್ತು ನಿರ್ವಹಣೆಯ ಪತ್ರಿಕೆಗಳನ್ನು ಎಲ್ಲರೂ ಬರೆಯಬೇಕು. ಇದರ ಪರಿಣಾಮವಾಗಿ ಹೆರಿಗೆ ಶುಶ್ರೂಷೆಯಲ್ಲಿ ಅತಿ ಹೆಚ್ಚು ಓದಿದವರು ಹೆರಿಗೆ ಕೊಠಡಿಯಿಂದ ಹೊರಗೆ, ತರಗತಿಯ ಕೋಣೆಗಳಲ್ಲಿ ಉಳಿದುಬಿಟ್ಟಿದ್ದಾರೆ. ಇದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ವಿಷಯ, ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಹೀಗಿದ್ದೂ 2018–20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ನಮ್ಮ ರಾಜ್ಯದ ತಾಯಂದಿರ ಮರಣ ಪ್ರಮಾಣ 69 ಇತ್ತು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ. ಹೆರಿಗೆಗಾಗಿ ಬಹುಪಾಲು ತಾಯಂದಿರು ಆಸ್ಪತ್ರೆಯ ಬಾಗಿಲನ್ನು ತಲುಪುತ್ತಿದ್ದಾರೆ ಎಂದ ಮೇಲೆ, ಬಾಗಿಲ ಒಳಗೆ ಅವರಿಗೆ ಸಿಗುವ ಆರೈಕೆಯ ಗುಣಮಟ್ಟದ ಪ್ರಶ್ನೆಯಿಂದ ನಾವು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ತೆಲಂಗಾಣದ ತೊಂದರೆ ಬೇರೆ ರೀತಿಯದಾಗಿತ್ತು. ಅದೇ ಸಮೀಕ್ಷೆಯಲ್ಲಿ ಅಲ್ಲಿಯ ಸಿಸೇರಿಯನ್ ಪ್ರಮಾಣ ಶೇ 60.7, ನಮ್ಮಲ್ಲಿ ಶೇ 31.5. ಸಹಜ ಹೆರಿಗೆಗೆ ಕಾಯುವ ತಾಳ್ಮೆ ಮತ್ತು ಕೌಶಲ ಎರಡೂ ಇರುವವರು ಅವರಿಗೆ ಬೇಕಾಗಿದ್ದರು. ಪಾವಗಡ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರ ನಾಡಿನವರಾದ ನಮಗೆ ಆ ತಾಳ್ಮೆಯ ಬೆಲೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಶಾಸ್ತ್ರೀಯ ತರಬೇತಿ ಮತ್ತು ಕಾನೂನಿನ ಮನ್ನಣೆಯನ್ನು ಸೇರಿಸುವ ಕೆಲಸ ಮಾತ್ರ ಉಳಿದಿದೆ.

ಈಗ ನಿಮ್ಮ ಆಯ್ಕೆ. ಹೆರಿಗೆ ಮಾಡಿಸುವುದೇ ನಿಮ್ಮ ಜೀವನದ ಕೆಲಸ ಎಂದಾದರೆ, ಸೇವೆಯಲ್ಲಿರುವ ಶುಶ್ರೂಷಕಿಯರಿಗೆ ಮಿಡ್‌ವೈಫರಿ ತರಬೇತಿಯ ಅವಕಾಶ ಪ್ರಕಟವಾದಾಗ ಬಿಡಬೇಡಿ. ಕಲಿಸುವುದು, ಸಂಶೋಧನೆ, ವ್ಯವಸ್ಥೆಯನ್ನು ತಿದ್ದುವುದು ಇವುಗಳತ್ತ ಮನಸ್ಸಿದ್ದರೆ ಎಂ.ಎಸ್ಸಿ. ಮಾಡಿ. ಎಂ.ಎಸ್ಸಿ. ಮುಗಿಸಿದವರಿಗೆ ತರಗತಿಯ ಹೊರಗೆ ಕೆಲಸವಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. 'ಸುಕ್ಷೇಮ' ಯೋಜನೆಯಲ್ಲಿ ಉತ್ತರ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಾರ್ಗದರ್ಶಕ ಶುಶ್ರೂಷಕಿಯರು ಹೋಗಿ, ಅಲ್ಲಿಯ ಸಿಬ್ಬಂದಿಯ ಪಕ್ಕದಲ್ಲೇ ನಿಂತು ಹೆರಿಗೆ ಆರೈಕೆಯ ಗುಣಮಟ್ಟವನ್ನು ತಿದ್ದಿದ್ದರು. 2017ರಲ್ಲಿ ಆರಂಭವಾದ 'ಲಕ್ಷ್ಯ' ಕಾರ್ಯಕ್ರಮ ಸರ್ಕಾರಿ ಹೆರಿಗೆ ಕೊಠಡಿಗಳಿಂದ ಕೇಳುತ್ತಿರುವ ಗುಣಮಟ್ಟವನ್ನು ಉಳಿಸಿಕೊಳ್ಳಲು ಪ್ರತಿ ಜಿಲ್ಲೆಗೂ ಇಂಥವರು ಬೇಕು.

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅಮೆರಿಕದಲ್ಲಿರುವ ನೆಂಟರು ಇಲ್ಲಿ ಎಂ.ಎಸ್ಸಿ. ಮಾಡಿ ಬಂದರೆ ಅಲ್ಲಿ ಹೆರಿಗೆ ವಿಭಾಗದಲ್ಲಿ ದೊಡ್ಡ ಕೆಲಸ ಸಿಗುತ್ತದೆ ಎನ್ನುತ್ತಾರೆ. ಇದು ನಿಜವೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಪೂರ್ತಿ ನಿಜವಲ್ಲ, ತಾಯಿ. ಅಮೆರಿಕದಲ್ಲಿ ಮೊದಲು ನೋಂದಾಯಿತ ನರ್ಸ್ ಆಗಲು ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು, ಅದಕ್ಕೆ ಇಲ್ಲಿಯ ಬಿ.ಎಸ್ಸಿ.ಯೇ ಸಾಕು. ಹೆರಿಗೆಗಳನ್ನು ಸ್ವತಃ ನಡೆಸುವ 'ಸರ್ಟಿಫೈಡ್ ನರ್ಸ್ ಮಿಡ್‌ವೈಫ್' ಆಗಬೇಕಾದರೆ ಅಲ್ಲಿಯ ಮಾನ್ಯತೆ ಪಡೆದ ಸ್ನಾತಕೋತ್ತರ ಮಿಡ್‌ವೈಫರಿ ಶಿಕ್ಷಣ ಮುಗಿಸಿ ಪ್ರತ್ಯೇಕ ಪ್ರಮಾಣೀಕರಣ ಪರೀಕ್ಷೆ ಬರೆಯಬೇಕು, ನಮ್ಮ ಎಂ.ಎಸ್ಸಿ. ಅದಕ್ಕೆ ಬದಲಿಯಾಗುವುದಿಲ್ಲ. ಬ್ರಿಟನ್ನಿನಲ್ಲಿಯೂ ನರ್ಸ್ ನೋಂದಣಿ ಬೇರೆ, ಮಿಡ್‌ವೈಫ್ ನೋಂದಣಿ ಬೇರೆ. ಆದ್ದರಿಂದ ವಿದೇಶವೇ ಗುರಿಯಾಗಿದ್ದರೆ ಮಗಳು ಪದವಿ ಮುಗಿಸಿ, ಹೆಚ್ಚು ಹೆರಿಗೆಗಳಾಗುವ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ಗಟ್ಟಿಯಾಗಿ ಕೆಲಸ ಮಾಡಲಿ. ಅದು ಇಲ್ಲಿಯ ಎಂ.ಎಸ್ಸಿ.ಗಿಂತ ಆ ದಾರಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಲ್ಲಿಯೇ ಉಳಿದು ಕಲಿಸುವ, ಸಂಶೋಧನೆ ಮಾಡುವ ಆಸೆ ಅವಳಿಗೆ ಇದೆಯೇ ಎಂದು ನೆಂಟರನ್ನು ಕೇಳುವ ಮೊದಲು ಅವಳನ್ನೇ ಕೇಳಿ.

ಪ್ರಶ್ನೆ: ನಾನು ಪುರುಷ ಶುಶ್ರೂಷಕ. ಮಕ್ಕಳ ಆರೋಗ್ಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮಾಡುವ ಆಸೆಯಿದೆ. ತಾಯಂದಿರ ನಡುವೆ ಕೆಲಸ ಮಾಡುವುದು ನಿನಗೆ ಕಷ್ಟ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.
— ಓದುಗರು, ಕೊಪ್ಪಳ

ಉತ್ತರ: ಆಸೆಯನ್ನು ಬಿಡಬೇಡಿ. ಉಸಿರಾಟಕ್ಕೆ ಕಷ್ಟಪಡುವ ಮಗುವಿಗೂ ಅದರ ತಾಯಿಗೂ ಬೇಕಾದದ್ದು ಕೆಲಸ ಬಲ್ಲ, ಮಾತು ಮೆದುವಾಗಿರುವ ಶುಶ್ರೂಷಕ. ತಾಯಿ ಹಾಲೂಡಿಸುವಾಗ, ಬಟ್ಟೆ ಸಡಿಲಿಸಿಕೊಳ್ಳುವಾಗ ಅವಳ ಒಪ್ಪಿಗೆ ಕೇಳಿ, ಮರೆ ಒದಗಿಸಿ, ಅಗತ್ಯವಿದ್ದಾಗ ಮಹಿಳಾ ಸಹೋದ್ಯೋಗಿಯನ್ನು ಕರೆದುಕೊಂಡರೆ ಯಾವ ತೊಂದರೆಯೂ ಆಗುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ, ಶಿಶುವನ್ನು ತಾಯಿಯ ಬರಿ ಎದೆಗೆ ತಾಗಿಸಿ ಇಡುವ ಕಾಂಗರೂ ತಾಯಿ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ವಿಸ್ತರಿಸುವ ಸಂಶೋಧನಾ ಕಾರ್ಯ ನಡೆದಿದೆ, ಅದರ ವರದಿಗಳನ್ನು ಹುಡುಕಿ ಓದಿ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವು, ಕಡಿಮೆ ತೂಕದ ಶಿಶುಗಳನ್ನು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಎದೆ ತಾಗಿಸಿ ಇಟ್ಟುಕೊಂಡರೆ 28 ದಿನಗಳೊಳಗಿನ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ತಾಯಿ ಶಸ್ತ್ರಚಿಕಿತ್ಸೆಯಿಂದ ಬಳಲಿರುವಾಗ ತಂದೆಯೂ ಹೀಗೆ ಎದೆಗೊರಗಿಸಿಕೊಳ್ಳಬಹುದು, ಆದರೆ ನಮ್ಮ ವಾರ್ಡುಗಳಲ್ಲಿ ಅವರನ್ನು ಬಾಗಿಲಾಚೆಗೇ ನಿಲ್ಲಿಸುವ ರೂಢಿಯಿದೆ. ಅವರನ್ನು ಒಳಗೆ ಕರೆದು, ಕುಳ್ಳಿರಿಸಿ, ಅಂಗಿಯ ಗುಂಡಿ ಬಿಚ್ಚಿ ಮಗುವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತೋರಿಸಲು ನಿಮಗಿಂತ ಸಲೀಸು ಯಾರಿಗಿದೆ? ಎರಡು ವರ್ಷ ಬಿಡುವು ಸಿಗುವುದು ಕಷ್ಟವೆನ್ನಿಸಿದರೆ ಪರಿಷತ್ತಿನ ಮಾನ್ಯತೆಯಿರುವ ಒಂದು ವರ್ಷದ ನವಜಾತ ಶಿಶು ಶುಶ್ರೂಷೆಯ ಪೋಸ್ಟ್ ಬೇಸಿಕ್ ಡಿಪ್ಲೊಮಾವನ್ನು ಮೊದಲು ಮಾಡಿಕೊಂಡು, ಎಂ.ಎಸ್ಸಿ.ಯನ್ನು ಆಮೇಲೆ ಯೋಚಿಸಬಹುದು.